ನಿಮ್ಮ ನಾಯಕಿ ಸುಮ್ನೆ ಪ್ರೀತಿ ಮಾಡಬಾರದಾ?

ಕಲಬುರಗಿಯಲ್ಲಿ ಕೂತು ಪ್ರೇಮ ಕಾದಂಬರಿ ಬರೆಯುತ್ತೇನೆ ಅಂದರೆ ಜನ ಮೊದಲು ನಗುತ್ತಾರೆ. ಆಮೇಲೆ ಓದುತ್ತಾರೆ. ಓದಿದವರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ನಿಮ್ಮ ಕಥಿಯೊಳಗ ಎಲ್ಲರಿಗೂ ಸಣ್ಣಂದಿನಾಗ ಏನರೆ ನೋವು ಆಗಿರಲೇಬೇಕೇನ್ರಿ? ಸುಮ್ನೆ ಪ್ರೀತಿ ಮಾಡ್ಲಿಕ್ಕೆ ಬರಲ್ಲೇನು?"

ಬರುತ್ತದೆ. ಆದರೆ ಆ ಕಥೆ ಹತ್ತು ಪುಟಕ್ಕೆ ಮುಗಿಯುತ್ತದೆ. ಜಾತಿ, ದುಡ್ಡು, ಮನೆಯವರು ಎಲ್ಲ ಒಪ್ಪಿದ ಮೇಲೂ ಇಬ್ಬರ ನಡುವೆ ಏನೋ ಅಡ್ಡ ಬರುತ್ತದಲ್ವಾ, ನನಗೆ ಅದರ ಮೇಲೆ ಕಣ್ಣು.

ಈಗ ಬರೆಯುತ್ತಿರುವ ಕಾದಂಬರಿಯ ನಾಯಕಿ ಯಾದಗಿರಿ ಕಡೆಯ ಹಳ್ಳಿಯವಳು. ತೊಗರಿ ರಾಶಿ ಮುಗಿದರೆ ಅವಳ ಅಪ್ಪ ಅವ್ವ ಪುಣೆಗೆ ಗುಳೆ ಹೋಗುತ್ತಿದ್ದರು, ಕಟ್ಟಡದ ಕೆಲಸಕ್ಕೆ. ಇವಳು ಅಜ್ಜಿ ಹತ್ತಿರ. "ಮಲಗಿದಾಗೇ ಹೋಗಿಬಿಡ್ರಿ, ಎದ್ದರ ಕೂಸು ಬಿಡಲ್ಲ" ಅನ್ನುತ್ತಾಳೆ ಅಜ್ಜಿ. ಹೊಟ್ಟೆಪಾಡು, ಯಾರನ್ನು ಬೈಯೋದು? ಆದರೆ ಕೂಸು ಎದ್ದಾಗ ಪಕ್ಕದಲ್ಲಿ ಅವ್ವ ಇಲ್ಲ.

ದೊಡ್ಡವಳಾಗಿ ಕಲಬುರಗಿಯಲ್ಲಿ ನರ್ಸ್ ಆಗಿದ್ದಾಳೆ. ಗಂಡ ಒಳ್ಳೆಯವನು. ಅವನು ಬೆಳಗಿನ ಜಾವದ ರೈಲಿಗೆ ಹೋಗಬೇಕಿದ್ದರೆ ರಾತ್ರಿಯೆಲ್ಲ ಇವಳಿಗೆ ನಿದ್ದೆ ಇಲ್ಲ. ವಾಪಸ್ ಬಂದ ದಿನ ಮುಖ ಕೂಡ ನೋಡುವುದಿಲ್ಲ. "ನಾ ಏನ್ ಕಾಯ್ಲಿಕತ್ತಿದ್ದಿಲ್ಲ. ನಂದು ಊಟ ಆಗ್ಯಾದ." ಬುಟ್ಟಿಯಲ್ಲಿ ರೊಟ್ಟಿ ಒಂದೂ ಕಮ್ಮಿ ಆಗಿರುವುದಿಲ್ಲ.

ಹೋಗುವಾಗ ಸರಿ, ಬಂದಾಗ ಯಾಕೆ ಮುನಿಸು? ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ತಾಯಿ ಮಗುವಿನ ನಂಟಿನ ಬಗ್ಗೆ ಬರೆದರು. ಅವರ ಜೊತೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್, ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ಒಂದು ಕೋಣೆಯಲ್ಲಿ ಬಿಟ್ಟು, ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದರೆ ಏನಾಗುತ್ತದೆ ಅಂತ ನೋಡಿದರು. ಅವರ ಗಮನ ಜಾಸ್ತಿ ಇದ್ದದ್ದು ಅಳುವಿನ ಮೇಲಲ್ಲ, ತಾಯಿ ತಿರುಗಿ ಬಂದ ಗಳಿಗೆ ಮೇಲೆ. ಎಷ್ಟೋ ಮಕ್ಕಳು ತಾಯಿಯನ್ನು ಅಪ್ಪಿಕೊಂಡು ಸಮಾಧಾನ ಆದವು. ಕೆಲವು ಎತ್ತಿಕೋ ಅಂದು, ಎತ್ತಿಕೊಂಡರೆ ಒದ್ದವು. ಇನ್ನು ಕೆಲವು ತಾಯಿಯನ್ನು ನೋಡಲೇ ಇಲ್ಲ, ಆಟದಲ್ಲೇ ಇದ್ದವು. ಮುಂದೆ 1977ರಲ್ಲಿ ಬೇರೆ ಸಂಶೋಧಕರು ಇಂಥ ಮಕ್ಕಳ ಎದೆಬಡಿತ ಅಳೆದ ಬಗ್ಗೆ ಬರೆದರು. ಮೇಲೆ ತಣ್ಣಗಿದ್ದ ಮಗುವಿನ ಎದೆ ಒಳಗೆ ಜೋರಾಗಿ ಬಡಿಯುತ್ತಿತ್ತು.

1987ರಲ್ಲಿ ಹೇಜನ್ ಮತ್ತು ಶೇವರ್ ಎಂಬ ಇಬ್ಬರು ಮನೋವಿಜ್ಞಾನಿಗಳು ಇದೇ ಮೂರು ಬಗೆಯನ್ನು ದೊಡ್ಡವರ ಪ್ರೀತಿಯಲ್ಲೂ ಹುಡುಕಿದರು. ಅದಕ್ಕೇ ನಾನು ರೈಲು ಹೊರಡುವ ದೃಶ್ಯಕ್ಕಿಂತ ಮನೆಗೆ ಬರುವ ದೃಶ್ಯಕ್ಕೆ ಜಾಸ್ತಿ ಪುಟ ಕೊಡುತ್ತೇನೆ. ಅವ್ವನ ಹಳೇ ಕಥೆಯನ್ನು ಉದ್ದುದ್ದ ಹೇಳುವ ಅಗತ್ಯ ಇಲ್ಲ, ಆ ರೊಟ್ಟಿ ಸಾಕು.

ಹಾಗಂತ ಬಾಲ್ಯವೇ ಹಣೆಬರಹ ಅಲ್ಲ. ಗುಳೆ ಹೋದವರ ಮಕ್ಕಳೆಲ್ಲ ಹೀಗೇ ಆಗುತ್ತಾರೆ ಅಂತಲೂ ಇಲ್ಲ. ಗಟ್ಟಿ ಅಜ್ಜಿ ಒಬ್ಬಳಿದ್ದರೆ ಎಷ್ಟೋ ಮಕ್ಕಳು ನೆಟ್ಟಗೆ ನಿಲ್ಲುತ್ತವೆ. ನನ್ನ ನಾಯಕಿಯ ಗಂಡನೂ ದೊಡ್ಡ ಮಾತು ಆಡುವುದಿಲ್ಲ. ಅವಳಿಗೆ ಹೇಳದೆ ಹೊರಡುವುದಿಲ್ಲ, ಹೇಳಿದ ದಿನ ಬರುತ್ತಾನೆ, ಅಷ್ಟೇ. ಅವಳು ನಂಬಲು ಮುಕ್ಕಾಲು ಕಾದಂಬರಿ ಬೇಕಾಗುತ್ತದೆ.

ಇನ್ನೊಂದು ಬಗೆಯ ಕಾದಂಬರಿ ಉಂಟು. ನಾಯಕ ಕೈ ಎತ್ತುತ್ತಾನೆ, ಫೋನ್ ಕಸಿದುಕೊಳ್ಳುತ್ತಾನೆ. ಕೊನೆಗೆ ಅವನ ಬಾಲ್ಯದ ಕಥೆ ಕೇಳಿ ನಾಯಕಿ ಅತ್ತು ಕ್ಷಮಿಸುತ್ತಾಳೆ. ಅದು ನನಗೆ ಸೇರುವುದಿಲ್ಲ. ಅಂಥವನು ನನ್ನ ಪುಸ್ತಕಕ್ಕೆ ಬಂದರೆ ಅವನ ಬಾಲ್ಯಕ್ಕೆ ಒಂದು ಅಧ್ಯಾಯ ಕೊಡುತ್ತೇನೆ, ಅವಳು ಮನೆ ಬಿಟ್ಟು ಹೋಗುವುದಕ್ಕೆ ಇನ್ನೊಂದು.