ಎರಡು ಗೆರೆ, ಒಂದು ಕೊಳವೆ

ಮಂಗಳವಾರ, 11 ಮಾರ್ಚ್ 2025, ರಾತ್ರಿ

ಬೆಳಗಿನದು ಬರೆಯುವಂಥದ್ದೇನಲ್ಲ. ಹೊಸದಾಗಿ ನಮ್ಮ ಜಾಲಕ್ಕೆ ಸೇರುತ್ತಿರುವ ಶಾಖೆಯವರ ಐಪಿ ವಿಳಾಸಗಳೂ ನಮ್ಮವೂ ಒಂದೇ ಆಗಿ ಕುಳಿತಿವೆ. 10ರಿಂದ ಶುರುವಾಗುವ ಖಾಸಗಿ ವಿಳಾಸಗಳು ಸುಮಾರು 1.68 ಕೋಟಿ ಇವೆ. ಆದರೂ ಎಲ್ಲರಿಗೂ ಮೊದಲ ಸಾಲಿನ ಮನೆಯೇ ಬೇಕು. ಅದಕ್ಕೇ ಎರಡೂವರೆ ಗಂಟೆ ಹೋಯಿತು. ಬಿಡಿ.

ಮನಸ್ಸಿಗೆ ಹತ್ತಿಕೊಂಡಿರುವುದು ಬೇರೆ. ನಮ್ಮ ಹೊಸ ಹುಡುಗಿ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು, "ಸರ್, ಇದನ್ನು ಒಮ್ಮೆ ನೋಡಿ" ಎಂದಳು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಕಂಪನಿಗಳಿಂದ ತೆಗೆದುಕೊಂಡಿರುವ ಎರಡು ಫೈಬರ್‌ಗಳಲ್ಲಿ ನಮ್ಮ ಕಡೆಗೆ ಬಂದು ಮುಟ್ಟುವ ಬೆಳಕಿನ ಮಟ್ಟದ ಗ್ರಾಫ್. ಒಂದು -6ರಿಂದ -9ಕ್ಕೆ, ಇನ್ನೊಂದು -8ರಿಂದ -11ಕ್ಕೆ ಇಳಿದಿತ್ತು. ಎರಡೂ 11 ಗಂಟೆ 17 ನಿಮಿಷಕ್ಕೆ. 3 ಡೆಸಿಬೆಲ್ ಇಳಿಯಿತೆಂದರೆ ಬೆಳಕು ಅರ್ಧವಾಯಿತು ಎಂದು ಅರ್ಥ. ಅರ್ಧ ಬೆಳಕಿನಲ್ಲೂ ಲಿಂಕ್ ನಡೆಯುತ್ತದೆ. ಹಾಗಾಗಿ ಯಾವ ಅಲಾರಮ್ಮೂ ಕೂಗಿರಲಿಲ್ಲ. ಲಿಂಕ್ ಸತ್ತರೆ ಮಾತ್ರ ಕೂಗು ಎಂದು ಅದಕ್ಕೆ ಹೇಳಿಕೊಟ್ಟವನು ನಾನೇ.

"ಕಾಕತಾಳೀಯ ಇರಬಹುದಮ್ಮಾ. ಅದು ಒಂದು ಕಂಪನಿಯದು, ಇದು ಇನ್ನೊಂದರದು. ಕಟ್ಟಡದಿಂದ ಹೊರಡುವುದೂ ಬೇರೆ ಬೇರೆ ಬಾಗಿಲಿನಿಂದ."

"ಬೇರೆ ಬೇರೆ ಮನೆಯವರಿಗೆ ಒಂದೇ ನಿಮಿಷಕ್ಕೆ ಸೀನು ಬರುತ್ತದೆಯೇ ಸರ್?"

ನಗು ಬಂತು, ಕೋಪವೂ ಬಂತು. ಎರಡನ್ನೂ ನುಂಗಿಕೊಂಡು, ಫೈಬರ್‌ನಲ್ಲಿ ದೋಷ ಎಷ್ಟು ದೂರದಲ್ಲಿದೆ ಎಂದು ಹೇಳುವ ಓಟಿಡಿಆರ್ ಉಪಕರಣ ತೆಗೆಸಿದೆ. ಎರಡೂ ಕೇಬಲ್‌ಗಳಲ್ಲಿ ಬಳಸದೆ ಉಳಿದ ಎಳೆಗಳಿವೆ. ಅವುಗಳೊಳಗೆ ಬೆಳಕಿನ ಮಿಡಿತ ಬಿಟ್ಟು, ಚದುರಿ ಹಿಂದಿರುಗುವ ಬೆಳಕಿಗಾಗಿ ಕಾಯುವುದು. ಗಾಜಿನೊಳಗೆ ಬೆಳಕು ಒಂದು ನ್ಯಾನೊಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡುವುದರಿಂದ, ಹಿಂದಿರುಗಲು ಹಿಡಿದ ಹೊತ್ತೇ ದೂರ ಹೇಳುತ್ತದೆ. ಪರದೆಯ ಮೇಲಿನ ಇಳಿಜಾರು ಗೆರೆಯಲ್ಲಿ ಒಂದು ಕಡೆ ಮೆಟ್ಟಿಲು ಕುಸಿದಂತೆ ಕಾಣುತ್ತಿತ್ತು. 1310 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಚಿಕ್ಕ ಮೆಟ್ಟಿಲು, 1550ರಲ್ಲಿ ದೊಡ್ಡದು. ಬೆಸುಗೆ ಕೆಟ್ಟಿದ್ದರೆ ಹೀಗೆ ಆಗುವುದಿಲ್ಲ. ಕೇಬಲ್ ಎಲ್ಲೋ ಬಿಗಿಯಾಗಿ ಬಾಗಿದೆ.

ದೂರ? ಒಂದರಲ್ಲಿ 1,342 ಮೀಟರ್, ಇನ್ನೊಂದರಲ್ಲಿ 1,610. "ನೋಡು, ಜಾಗವೇ ಬೇರೆ" ಎಂದೆ. ಅವಳು ಮಾತಾಡಲಿಲ್ಲ. ನಾನು ಅರ್ಧ ಗಂಟೆ ಆರಾಮವಾಗಿದ್ದೆ.

ನಂತರ ಬಂತು ಮೊದಲ ಕಂಪನಿಯ ಲೈನ್ ಮೇಲ್ವಿಚಾರಕರ ಫೋನ್. ಮ್ಯಾನ್‌ಹೋಲ್ ಒಳಗೆ ನಿಂತೇ ಮಾತಾಡುತ್ತಿದ್ದರು. ಧ್ವನಿ ಕೊಡದೊಳಗಿಂದ ಬಂದಂತಿತ್ತು. ಬೆಳಗ್ಗೆ ಯಾರೋ ಹೊಸ ಕೇಬಲ್ ಎಳೆದಿದ್ದಾರಂತೆ. ಜಾಗ ಸಾಲದೆ ಹಳೆಯ ಸುರುಳಿಗಳನ್ನೆಲ್ಲ ಮೂಲೆಗೆ ತುರುಕಿ ಹೋಗಿದ್ದಾರೆ.

"ನಮ್ಮದನ್ನು ಬಿಡಿಸಿಟ್ಟೆ ಸರ್. ಪಕ್ಕದ್ದನ್ನು ಮುಟ್ಟಲಿಲ್ಲ. ಅದು ನಿಮ್ಮ ಇನ್ನೊಂದು ಕಂಪನಿಯದು, ಅವರಿಗೇ ಹೇಳಿಬಿಡಿ."

"ಅವರದು ಅಲ್ಲಿಗೆ ಹೇಗೆ ಬಂತು?"

"ಮೊದಲಿನಿಂದಲೂ ಇದೆಯಲ್ಲ. ಅವರದು ಸ್ವಲ್ಪ ಸುತ್ತಿಕೊಂಡು ಬರುತ್ತದೆ, ಅಷ್ಟೇ. ಇಲ್ಲಿಂದ ಸೇತುವೆ ದಾಟುವವರೆಗೆ ಇಬ್ಬರದೂ ಒಂದೇ ಕೊಳವೆ." ಒಂದು ಕ್ಷಣ ಬಿಟ್ಟು, "ಇರುವುದು ಒಂದೇ ಸೇತುವೆ ಸರ್" ಎಂದರು, ಮಗುವಿಗೆ ಹೇಳುವ ಹಾಗೆ.

268 ಮೀಟರ್ ಸುತ್ತು. ಅದನ್ನೇ ನಾನು ಬೇರೆ ದಾರಿ ಎಂದುಕೊಂಡಿದ್ದೆ.

ಅವರು ಫೋನ್ ಇಟ್ಟ ಮೇಲೆ ಈ ಎರಡು ಲೈನ್‌ಗಳ ದಾರಿಯ ಹಳೆಯ ನಕ್ಷೆ ತೆರೆದೆ. ಚೆನ್ನಾಗಿಯೇ ಬಿಡಿಸಿದ್ದೇನೆ. ಮೇಲೊಂದು ನೀಲಿ ಗೆರೆ, ಕೆಳಗೊಂದು ಹಸಿರು ಗೆರೆ, ನಡುವೆ ಧಾರಾಳ ಬಿಳಿ ಜಾಗ. ಆ ಬಿಳಿ ಜಾಗ ನೆಲದ ಮೇಲೆ ಎಲ್ಲೂ ಇಲ್ಲ. ಕಾಗದ ಅಗಲವಾಗಿತ್ತು, ಆದ್ದರಿಂದ ಗೆರೆಗಳು ದೂರವಾದವು. ಕೆಳಗಿನ ಮೂಲೆಯಲ್ಲಿ ನನ್ನ ಸಹಿ, ಅದರ ಪಕ್ಕದಲ್ಲಿ "ಮಾರ್ಗ ಪರಿಶೀಲಿಸಲಾಗಿದೆ" ಎಂಬ ಸಾಲು.

ಪರಿಶೀಲಿಸಿದ್ದೆ, ಸುಳ್ಳಲ್ಲ. ಹಳೆಯ ಪತ್ರಗಳನ್ನು ಹುಡುಕಿ ಓದಿದೆ. ನಿಮ್ಮ ಮಾರ್ಗ ಪ್ರತ್ಯೇಕವೇ ಎಂದು ಇಬ್ಬರನ್ನೂ ಕೇಳಿದ್ದೇನೆ. ಹೌದು ಎಂದು ಇಬ್ಬರೂ ಬರೆದಿದ್ದಾರೆ. ಯಾವುದರಿಂದ ಪ್ರತ್ಯೇಕ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ತಮ್ಮ ಗಿರಾಕಿ ಇನ್ನೊಬ್ಬರಿಂದಲೂ ಲೈನ್ ತೆಗೆದುಕೊಂಡಿದ್ದಾನೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ಒಬ್ಬರ ಕೊಳವೆಯಲ್ಲಿ ಇನ್ನೊಬ್ಬರು ಬಾಡಿಗೆಗೆ ಇರುವುದು ಈ ವ್ಯಾಪಾರದಲ್ಲಿ ಮಾಮೂಲು. ಬೈಯಲು ಯಾರೂ ಸಿಗದಿದ್ದಾಗಿನ ಸಿಟ್ಟಿದೆಯಲ್ಲ, ಅದು ಹೊಟ್ಟೆಯಲ್ಲೇ ಉಳಿಯುತ್ತದೆ.

ರೂಟರ್ ಎರಡು, ವಿದ್ಯುತ್ ಮೂಲ ಎರಡು, ಕಂಪನಿ ಎರಡು. ಒಂದು ಬಿದ್ದರೆ ಒಂದು ಸೆಕೆಂಡಿನೊಳಗೆ ಇನ್ನೊಂದಕ್ಕೆ ಹೊರಳುವಂತೆ, ಲಿಂಕ್ ಸತ್ತಿದ್ದನ್ನು ಕೂಡಲೇ ಪತ್ತೆ ಹಚ್ಚುವ ಬಿಎಫ್‌ಡಿ ಹೊಂದಿಸಲು ಒಂದು ವಾರ ಕುಳಿತಿದ್ದೆ. ಸೇತುವೆಯ ಮೇಲೆ ಒಂದು ಜೆಸಿಬಿ ಹಲ್ಲು ಊರಿದರೆ ಹೊರಳುವುದು ಎಲ್ಲಿಗೆ?

ಆ ಹುಡುಗಿ ಸಂಜೆ ಹೊರಡುವಾಗ ಏನೂ ಹೇಳಲಿಲ್ಲ. "ನಾನು ಹೇಳಿರಲಿಲ್ಲವೇ" ಎನ್ನುವ ಮುಖವನ್ನೂ ಮಾಡಲಿಲ್ಲ. ಅವಳ ವಯಸ್ಸಿನಲ್ಲಿ ನಾನಾಗಿದ್ದರೆ ಖಂಡಿತ ಮಾಡುತ್ತಿದ್ದೆ. ಬೆಳಕು 2 ಡೆಸಿಬೆಲ್ ಇಳಿದರೂ ಅಲಾರಮ್ ಕೂಗುವಂತೆ ಬದಲಿಸಿ ಹೋಗಿದ್ದಾಳೆ. ನನ್ನನ್ನು ಕೇಳಲಿಲ್ಲ. ಒಳ್ಳೆಯದೇ ಆಯಿತು.

ನಾಳೆ ಮೇಲಿನವರಿಗೆ ಹೇಳಬೇಕು. ಮೂರನೆಯ ಲೈನ್ ಕೇಳಿದರೆ ಖರ್ಚಿನ ಮಾತು ಬರುತ್ತದೆ. ಮೂರನೆಯದೂ ಅದೇ ಸೇತುವೆಯ ಮೇಲೆಯೇ ಬಂದರೆ? ಮೈಕ್ರೋವೇವ್ ರೇಡಿಯೊ ಲಿಂಕ್ ಹಾಕಿಸಿದರೆ ನೆಲದ ಹಂಗಿಲ್ಲ, ಆದರೆ ಮಳೆಗೆ ಅಂಜಬೇಕು. ಅದಿರಲಿ, ಇದೇ ಕೈಯಿಂದ ಬಿಡಿಸಿದ ನಕ್ಷೆಗಳು ಇನ್ನೂ ಹದಿನಾಲ್ಕು ಇವೆ. ಎಲ್ಲದರಲ್ಲೂ ಒಂದು ನೀಲಿ, ಒಂದು ಹಸಿರು. ಮೊದಲನೆಯದನ್ನು ಈಗಷ್ಟೇ ತೆರೆದಿದ್ದೇನೆ, ಅದರಲ್ಲಿ ನದಿಯನ್ನೇ ಗುರುತಿಸಿಲ್ಲ