ಟೆಸ್ಲಾ ಕಾಯಿಲ್, ಬೆಡಿನಿ ಮೋಟರ್: ಈ ಸಲದ ಕೆಲಸ ಮತ್ತು ಅಳತೆ

ಟೆಸ್ಲಾ ಕಾಯಿಲ್, ಅಂದರೆ ಸಣ್ಣ ವೋಲ್ಟೇಜನ್ನು ತುಂಬಾ ದೊಡ್ಡದು ಮಾಡುವ ತಂತಿಯ ಸುರುಳಿ, ಈಗ ಸರಿಯಾಗಿ ಕೆಲಸ ಮಾಡುತ್ತಿದೆ. 75 ಎಂಎಂ ಪಿವಿಸಿ ಪೈಪು, ತೋಟಕ್ಕೆ ನೀರು ಹಾಯಿಸೋಕೆ ಹಾಕ್ತಾರಲ್ಲ ಅದೇ. ಅದರ ಮೇಲೆ 30 ಗೇಜಿನ ಎನಾಮಲ್ ತಂತಿ, 300 ಎಂಎಂ ಎತ್ತರಕ್ಕೆ, ಹೆಚ್ಚೂಕಮ್ಮಿ 850 ಸುತ್ತು. ಉದ್ದ ಲೆಕ್ಕ ಹಾಕಿದರೆ 200 ಮೀಟರ್ ಆಗುತ್ತದೆ, ತೂಕ ನೋಡಿದರೆ 140 ಗ್ರಾಂ ಅಷ್ಟೇ. ದಾವಣಗೆರೆಯಲ್ಲಿ ಇದಕ್ಕೆ ಆನ್‌ಲೈನ್ ಆರ್ಡರ್ ಬೇಕಿಲ್ಲ, ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ತೂಗಿ ಕೊಡುತ್ತಾರೆ. "ಯಾವ ಮೋಟರಿಗ್ರೀ ಇದು?" ಅಂತ ಕೇಳಿದರು. ಮೋಟರಿಗಲ್ಲ, ವೈರಿಲ್ಲದೇ ಟ್ಯೂಬ್‌ಲೈಟ್ ಉರಿಸೋ ಕಾಯಿಲ್‌ಗೆ ಅಂದೆ. ಒಂದು ಸುತ್ತಿನ ಮೇಲೆ ಇನ್ನೊಂದು ಹತ್ತದ ಹಾಗೆ ತಂತಿಯನ್ನು ಬೆರಳಲ್ಲಿ ಹೇಗೆ ಬಿಗಿ ಹಿಡಿಯಬೇಕು ಅಂತ ಅವರೇ ತೋರಿಸಿಕೊಟ್ಟರು, ಕೊನೆಗೆ ವಾರ್ನಿಷ್ ಹೊಡೆಯೋದು ಮರೀಬೇಡಿ ಎಂದರು. ಇಷ್ಟು ಒಪ್ಪವಾಗಿ ಕಾಯಿಲ್ ಬಂದಿದ್ದು ಅವರಿಂದಲೇ.

ಸರ್ಕ್ಯೂಟ್ ಸಣ್ಣದು. ಸ್ಲೇಯರ್ ಎಕ್ಸೈಟರ್ ಅಂತಾರೆ. ಒಂದು ಟ್ರಾನ್ಸಿಸ್ಟರ್, 22 ಕಿಲೋ ಓಮ್ ರೆಸಿಸ್ಟರ್, ಒಂದು ಎಲ್ಇಡಿ, ಪ್ರೈಮರಿಗೆ, ಅಂದರೆ ಕಾಯಿಲ್ ಬುಡದಲ್ಲಿ ಹೊರಗಿನ ಸುತ್ತಿಗೆ, ಮನೆ ವೈರಿಂಗಿನ ದಪ್ಪ ತಂತಿ ನಾಲ್ಕೈದು ಸುತ್ತು, 12 ವೋಲ್ಟ್ ಬ್ಯಾಟರಿ. ಆನ್ ಮಾಡಿದಾಗ ಏನೂ ಆಗದಿದ್ದರೆ ಮೊದಲು ಪ್ರೈಮರಿಯ ಎರಡು ತುದಿ ಅದಲು ಬದಲು ಮಾಡಿ ನೋಡಿ, ಜಾಸ್ತಿ ಸಲ ಅಷ್ಟೇ ಇರುತ್ತದೆ.

ಫ್ರೀಕ್ವೆನ್ಸಿ ಲೆಕ್ಕ ನನಗೆ ತುಂಬಾ ಖುಷಿ ಕೊಟ್ಟ ಭಾಗ. ಕಾಯಿಲ್ ಯಾವ ಫ್ರೀಕ್ವೆನ್ಸಿಯಲ್ಲಿ ತಾನಾಗಿ ಮಿಡಿಯುತ್ತದೆ ಅನ್ನೋದು ಅದರ ಇಂಡಕ್ಟೆನ್ಸ್, ಕೆಪಾಸಿಟೆನ್ಸ್ ಎರಡರಿಂದ ತಿಳಿಯುತ್ತದೆ. ಈ ಅಳತೆಯ ಕಾಯಿಲ್‌ಗೆ ಇಂಡಕ್ಟೆನ್ಸ್ ಸುಮಾರು 12 ಮಿಲಿಹೆನ್ರಿ, ಅದರದ್ದೇ ಕೆಪಾಸಿಟೆನ್ಸ್ 5 ಪಿಕೋಫ್ಯಾರಡ್‌ಗಿಂತ ಸ್ವಲ್ಪ ಮೇಲೆ. ಹಾಗಾಗಿ ಕಾಯಿಲ್ ಮೇಲ್ತುದಿಯಲ್ಲಿ ಲೋಹದ ಗುಂಡು ಇಡದಿದ್ದರೆ ಅದು 625 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಹಾಡಬೇಕು. ಹಳೇ ರೇಡಿಯೋದ ಮೀಡಿಯಂ ವೇವ್ ತಿರುಗಿಸುತ್ತಾ ಹೋದೆ. ಭದ್ರಾವತಿ ಆಕಾಶವಾಣಿಯ 675 ಇರುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಗೊರ್ ಅನ್ನೋ ಸದ್ದು ಜೋರಾಗಿ ಬಂತು. ಕಾಗದದ ಮೇಲಿನ ಲೆಕ್ಕ ರೇಡಿಯೋದ ಮುಳ್ಳಿನಲ್ಲಿ ಸಿಕ್ಕಿದ್ದಕ್ಕೆ ಆದ ಸಂತೋಷವನ್ನು ಹೇಗೆ ಹೇಳಲಿ! ಮೇಲೆ ಸಣ್ಣ ಸ್ಟೀಲ್ ಗುಂಡು ಇಟ್ಟರೆ ಅದು 450 ಕಿಲೋಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ. ಅಕ್ಕಪಕ್ಕದ ಮನೆಯವರ ರೇಡಿಯೋಗೂ ಇದು ತೊಂದರೆ ಮಾಡುತ್ತದೆ, ಅದಕ್ಕೇ ನಿಮಿಷಗಟ್ಟಲೆ ಓಡಿಸುವುದಿಲ್ಲ.

ಟ್ಯೂಬ್‌ಲೈಟ್ ಒಂದಡಿ ದೂರದಲ್ಲೇ ಕೈಯಲ್ಲಿ ಉರಿಯಿತು. ಪಕ್ಕದ ಮನೆ ಹುಡುಗ "ಅಣ್ಣಾ, ಕರೆಂಟೇ ಇಲ್ದೆ ಉರೀತಿದೆ, ಇದೇ ಅಲ್ವಾ ಫ್ರೀ ಎನರ್ಜಿ?" ಅಂದ. ಎಲ್ಲಿಂದಲೂ ತೆಗೆದುಕೊಳ್ಳದೆ ಪುಕ್ಕಟೆ ಸಿಗುವ ಶಕ್ತಿ ಅಂತ ಅವನ ಅರ್ಥ. ಒಳ್ಳೇ ಪ್ರಶ್ನೆ ಅದು. ಬ್ಯಾಟರಿ ದಾರಿಯಲ್ಲಿ ಮುಳ್ಳಿನ ಆಮ್ಮೀಟರ್ ಹಾಕಿ ಅವನಿಗೇ ನೋಡೋಕೆ ಹೇಳಿದೆ. ಟ್ಯೂಬ್ ಹತ್ತಿರ ತಂದಂತೆ ಮುಳ್ಳು ಮೇಲೆ ಹೋಗುತ್ತದೆ, ಕಾಯಿಲ್ ತುದಿಯ ಕಿಡಿ ಗಿಡ್ಡ ಆಗುತ್ತದೆ. ಟ್ಯೂಬಿನ ಬೆಳಕಿಗೆ ಕೊಡುತ್ತಿರೋದು ಬ್ಯಾಟರಿಯೇ, ದಾರಿ ಮಾತ್ರ ಗಾಳಿ. ಡಿಜಿಟಲ್ ಮೀಟರನ್ನು ಈ ಕಾಯಿಲ್ ಪಕ್ಕ ನಂಬಬೇಡಿ, ಹುಚ್ಚುಹುಚ್ಚಾಗಿ ಓದುತ್ತದೆ.

ಇನ್ನು ಬೆಡಿನಿ ಮೋಟರ್, ಫ್ರೀ ಎನರ್ಜಿ ಕೊಡುತ್ತದೆ ಅಂತ ಕೆಲವರು ಹೇಳುವ ಮೋಟರ್. ಸೈಕಲ್ ಚಕ್ರದ ಸುತ್ತ ಮ್ಯಾಗ್ನೆಟ್, ಕೆಳಗೆ ಎರಡು ತಂತಿ ಜೊತೆಯಾಗಿ ಸುತ್ತಿದ ಕಾಯಿಲ್. ಮ್ಯಾಗ್ನೆಟ್ ಹಾದುಹೋದಾಗ ಒಂದು ತಂತಿ ಟ್ರಾನ್ಸಿಸ್ಟರ್ ಆನ್ ಮಾಡುತ್ತದೆ, ಇನ್ನೊಂದು ತಂತಿ ಚಕ್ರ ತಳ್ಳುತ್ತದೆ. ಟ್ರಾನ್ಸಿಸ್ಟರ್ ಆಫ್ ಆದ ಕ್ಷಣ ಕಾಯಿಲ್‌ನಿಂದ ನೂರಾರು ವೋಲ್ಟಿನ ಏಟು ಬರುತ್ತದೆ, ಅದು 1ಎನ್4007 ಡಯೋಡ್ ಮೂಲಕ ಎರಡನೇ ಬ್ಯಾಟರಿಗೆ ಹೋಗುತ್ತದೆ. ಕೊಟ್ಟದ್ದಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ ಅನ್ನುವ ಮಾತು ಹುಟ್ಟೋದು ಇಲ್ಲೇ, ಯಾಕೆಂದರೆ ಎರಡನೇ ಬ್ಯಾಟರಿಯ ವೋಲ್ಟೇಜ್ ನಿಜವಾಗಿಯೂ ಬೇಗ ಏರುತ್ತದೆ. ಆದರೆ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಆ ಏರಿಕೆ ಪ್ಲೇಟಿನ ಮೇಲ್ಮೈಯದ್ದು. ಒಂದು ಬಲ್ಬ್ ಹಾಕಿ ಸ್ವಲ್ಪ ಹೊತ್ತು ಬಿಡಿ, ಇಳಿದುಬಿಡುತ್ತದೆ.

ಹಾಗಾಗಿ ಬ್ಯಾಟರಿಯನ್ನೇ ಬಿಟ್ಟು ಕೆಪಾಸಿಟರ್‌ಗೆ ತುಂಬಿಸಿದೆ. ಕೆಪಾಸಿಟರ್‌ನಲ್ಲಿ ಮುಚ್ಚುಮರೆ ಇಲ್ಲ, ವೋಲ್ಟೇಜ್ ಗೊತ್ತಾದರೆ ಒಳಗಿರೋದು ಎಷ್ಟು ಅಂತ ಗೊತ್ತಾಗುತ್ತದೆ. 10,000 ಮೈಕ್ರೋಫ್ಯಾರಡ್‌ನ ಮೂರು ಪ್ಯಾರಲಲ್. 10 ವೋಲ್ಟಿಂದ 30 ವೋಲ್ಟಿಗೆ ಏರಿದರೆ 12 ಜೌಲ್ ಸೇರಿದ ಹಾಗೆ. ಮೀಟರನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿ ನೋಡಿದರೆ ಆರು ಸೆಕೆಂಡು, ಅಂದರೆ 2 ವಾಟ್. ಒಳಗೆ ಹೋಗುತ್ತಿದ್ದದ್ದು 12 ವೋಲ್ಟ್, 0.35 ಆಂಪಿಯರ್, ಅಂದರೆ 4.2 ವಾಟ್. ಅರ್ಧಕ್ಕೂ ಕಮ್ಮಿ ವಾಪಸ್ ಬಂದಿದೆ. ಉಳಿದದ್ದು ತಂತಿಯ ಬಿಸಿ, ಟ್ರಾನ್ಸಿಸ್ಟರ್ ಬಿಸಿ, ಬೇರಿಂಗ್, ಚಕ್ರ ಸೀಳುವ ಗಾಳಿ, ಕಾಯಿಲ್ ನಡುವಿನ ಕಬ್ಬಿಣದ ಕೋರ್. ಏಟಿನ ವೋಲ್ಟೇಜ್ ನೋಡಿ ಮರುಳಾಗೋದು ಸಹಜ, ಆದರೆ 10 ಮಿಲಿಹೆನ್ರಿ ಕಾಯಿಲ್‌ನಲ್ಲಿ 1 ಆಂಪಿಯರ್ ಇದ್ದರೆ ಅಲ್ಲಿರೋದು 5 ಮಿಲಿಜೌಲ್ ಮಾತ್ರ. ಅದು 40 ವೋಲ್ಟಲ್ಲಿ ಹೊರಗೆ ಬಂದರೂ ಅಷ್ಟೇ, 400 ವೋಲ್ಟಲ್ಲಿ ಬಂದರೂ ಅಷ್ಟೇ. ಪುಕ್ಕಟೆ ಶಕ್ತಿ ಅಂತ ವಿಡಿಯೋ ಹಾಕುವವರು ದಯವಿಟ್ಟು ಈ ಕೆಪಾಸಿಟರ್ ಪರೀಕ್ಷೆ ಒಂದನ್ನು ಮಾಡಿ ತೋರಿಸಲಿ, ನಾನು ಕೂತು ನೋಡಲು ಸಿದ್ಧ. ನಮ್ಮ ಪಕ್ಕದ ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗಾಳಿಯಂತ್ರಗಳು ತಿರುಗುತ್ತಿವೆ, ಅಲ್ಲಿ ಶಕ್ತಿ ಎಲ್ಲಿಂದ ಬಂತು ಅಂತ ಬೆರಳು ಮಾಡಿ ತೋರಿಸಬಹುದು.

ಮಾಡಿ ನೋಡುವ ಹುಡುಗರಿಗೆ ಒಂದು ಮಾತು. ಕೆಟ್ಟ ಮೈಕ್ರೋವೇವ್ ಓವನ್ ಟ್ರಾನ್ಸ್‌ಫಾರ್ಮರ್ ತಂದು ಆಟ ಆಡಬೇಡಿ. ಅದರಲ್ಲಿ 2000 ವೋಲ್ಟ್ ಬರುತ್ತದೆ, ಕರೆಂಟೂ ಜಾಸ್ತಿ, ಮುಟ್ಟಿದರೆ ಜೀವ ಹೋಗುತ್ತದೆ. ಸ್ಲೇಯರ್ ಕಾಯಿಲ್‌ನ ಕಿಡಿ ಸಣ್ಣದಾದರೂ ಚರ್ಮ ಸುಡುತ್ತದೆ. ತುಂಬಿದ ಕೆಪಾಸಿಟರನ್ನು ರೆಸಿಸ್ಟರ್ ಹಾಕಿ ಖಾಲಿ ಮಾಡಿಯೇ ಎತ್ತಿಡಿ.

ಮುಂದಿನ ಕೆಲಸ ಬೆಡಿನಿ ಮೋಟರಿನ ಕೋರ್‌ದು. ಈಗ ಇರೋದು ಗಟ್ಟಿ ಬೋಲ್ಟ್, ಅದರೊಳಗೇ ಕರೆಂಟ್ ಸುತ್ತಿ ಬಿಸಿಯಾಗುತ್ತದೆ. ಗ್ಯಾಸ್ ವೆಲ್ಡಿಂಗ್ ರಾಡುಗಳನ್ನು ಕತ್ತರಿಸಿ, ಒಂದೊಂದಕ್ಕೂ ವಾರ್ನಿಷ್ ಬಳಿದು ಕಟ್ಟಾಗಿ ತುಂಬಿಸಿ, ಅದೇ ಮೂರು ಕೆಪಾಸಿಟರ್, ಅದೇ 10ರಿಂದ 30 ವೋಲ್ಟ್ ಮತ್ತೆ ಅಳೆಯುತ್ತೇನೆ. 2 ವಾಟ್ ಇದ್ದದ್ದು ಎರಡೂವರೆ ಆದರೂ ಸಾಕು.