ಕುರಿ ಇಲ್ಲದ ಊರಲ್ಲಿ ಕುರಿ ನಾಯಿ ಎಂತಕ್ಕೆ?

ಪ್ರಶ್ನೆ ಇಷ್ಟೇ: "ಕೊಡಗಿನಲ್ಲಿ ಕುರಿಯೇ ಇಲ್ಲ, ನೀವು ಕುರಿ ಕಾಯೋ ನಾಯಿ ಯಾಕೆ ಸಾಕಿದ್ದೀರಿ?" ಮದುವೆ ಮನೆಯಲ್ಲಿ ಕೇಳುತ್ತಾರೆ, ಸಂತೆಯಲ್ಲಿ ಕೇಳುತ್ತಾರೆ, ಪಶು ಆಸ್ಪತ್ರೆಯ ಬೆಂಚಿನ ಮೇಲೆ ಕೋಳಿ ಬುಟ್ಟಿ ಹಿಡಿದು ಕೂತವರೂ ಕೇಳುತ್ತಾರೆ. ಜಾನುವಾರು ಗಣತಿಗೆ ಬಂದ ಹುಡುಗಿ ಕೂಡ ಬಿಡಲಿಲ್ಲ. ಕುರಿ ಎಷ್ಟು ಅಂದಳು, ಇಲ್ಲ ಅಂದೆ. ಮೇಕೆ? ಇಲ್ಲ. ನಾಯಿ? ನಾಲ್ಕು. ಯಾವ ಜಾತಿ? ಎರಡು ಬಾರ್ಡರ್ ಕೋಲಿ, ಕುರಿ ಕಾಯುವ ಜಾತಿ ಅಂದೆ. ಮೊಬೈಲಿನಿಂದ ತಲೆ ಎತ್ತಿ, "ಕುರಿ ಇಲ್ಲ ಅಂದ್ರಲ್ಲ ಅಕ್ಕ?" ಅಂದಳು. ಪಾಪ, ಅವಳ ಕೆಲಸ ಅದು. ಅವಳಿಗೆ ಕಾಫಿ ಕೊಟ್ಟು ಕಳಿಸಿದೆ. ಉಳಿದವರಿಗೆ ಇನ್ನು ಮೇಲೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಚಿಕ್ಕ ಉತ್ತರ: ನನಗೆ ಇಷ್ಟ. ಇದನ್ನು ಯಾರೂ ಒಪ್ಪುವುದಿಲ್ಲ. ಗೋಡೆ ಮೇಲೆ ಕೋವಿ ತೂಗು ಹಾಕಿದವರನ್ನು "ಹುಲಿ ಎಲ್ಲಿ?" ಅಂತ ಯಾರೂ ಕೇಳಲ್ಲ. ಬೇಟೆ ನಿಂತು 1972ರ ವನ್ಯಜೀವಿ ಕಾಯ್ದೆಯಿಂದ ಲೆಕ್ಕ ಹಾಕಿದರೆ ಅರ್ಧ ಶತಮಾನ ಆಯಿತು, ಕೋವಿಗೆ ಎಣ್ಣೆ ಹಾಕುವುದು ಮಾತ್ರ ನಿಂತಿಲ್ಲ, ಅದು ಸಂಪ್ರದಾಯ. ನಾಯಿ ಸಾಕಿದರೆ ಮಾತ್ರ ಲೆಕ್ಕ ಕೊಡಬೇಕು. ಇನ್ನೊಂದು ತಮಾಷೆ ನೋಡಿ, ಕೊಡಗು ಅಂದರೆ ಭಾರತದ ಸ್ಕಾಟ್ಲೆಂಡ್ ಅಂತ ಎರಡು ಹೋಂಸ್ಟೇಗೊಂದು ಬೋರ್ಡ್ ಇದೆ. ಸ್ಕಾಟ್ಲೆಂಡ್‌ನಲ್ಲಿ ಏನಿದೆ ಅಂತ ಕೇಳಿದರೆ ಮಂಜು ಅನ್ನುತ್ತಾರೆ. ಈ ನಾಯಿ ಜಾತಿ ತಯಾರಾದದ್ದೇ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯ ಗುಡ್ಡಗಳಲ್ಲಿ. ಇವತ್ತಿನ ಬಾರ್ಡರ್ ಕೋಲಿಗಳ ಮೂಲಪುರುಷ ಅಂತ ಹೇಳುವ ಓಲ್ಡ್ ಹೆಂಪ್ ಅನ್ನುವ ನಾಯಿ 1893ರಲ್ಲಿ ಆ ಗಡಿಗೆ ತಾಗಿದ ನಾರ್ಥಂಬರ್ಲೆಂಡ್‌ನಲ್ಲಿ ಹುಟ್ಟಿತು. ಬೋರ್ಡ್ ಹಾಕಿದವರು ನೀವು, ನಾಯಿ ತಂದವಳು ನಾನು, ಪ್ರಶ್ನೆ ಯಾಕೆ ನನಗೆ?

ಕುರಿ ಯಾಕಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಆದರೂ ಹೇಳುತ್ತೇನೆ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಿಂದ ನೆಲ ಒಣಗುವುದೇ ಇಲ್ಲ. ಗೊರಸಿನ ಸಂದಿ ಮೆತ್ತಗಾಗಿ ಕೊಳೆಯುತ್ತದೆ, ಹೊಟ್ಟೆಯಲ್ಲಿ ಜಂತು ಸೇರುತ್ತದೆ. ಬನ್ನೂರು ಕುರಿ ತಂದು ಇಲ್ಲಿ ಮಳೆಗಾಲ ದಾಟಿಸುತ್ತೇನೆ ಅನ್ನುವುದು ಅದಕ್ಕೆ ಕೊಡುವ ಶಿಕ್ಷೆ. ಅದಕ್ಕೇ ನಮ್ಮಲ್ಲಿ ಬಾತುಕೋಳಿ. ನಗಬೇಡಿ. ಬಾತು ಕೂಡ ಕುರಿಯ ಹಾಗೆ ಗುಂಪು ಬಿಡುವುದಿಲ್ಲ, ಹೆದರಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊರದೇಶಗಳಲ್ಲೂ ಎಳೆ ನಾಯಿಗಳನ್ನು ಬಾತಿನ ಮೇಲೆ ಪಳಗಿಸುತ್ತಾರೆ, ಬಾತನ್ನೇ ಇಟ್ಟು ಪರೀಕ್ಷೆ ನಡೆಸುವುದೂ ಉಂಟು. ಆಡು ಬೇಡ. ಆಡಿಗೆ ತನ್ನದೇ ಅಭಿಪ್ರಾಯ ಜಾಸ್ತಿ.

ಇನ್ನೊಂದು, ನಾಲ್ಕರಲ್ಲಿ ಕುರಿ ಕಾಯುವ ಜಾತಿ ಎರಡೇ. ಮಿಂಚು ಮತ್ತು ಗುಂಡ. ಜೀರಿಗೆ ಅಪ್ಪಟ ಊರ ನಾಯಿ, ತೋಟದ ಕೆಲಸದವರ ಲೈನ್ ಮನೆ ಹಿಂದೆ ಹುಟ್ಟಿದ್ದು. ಅಜ್ಜಿ ಅನ್ನುವುದು ವಯಸ್ಸಾದ ಲ್ಯಾಬ್ರಡಾರ್, ಒಂದು ಕಾಲದಲ್ಲಿ ಓಡುತ್ತಿತ್ತು, ಈಗ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ತೀರ್ಪು ಕೊಡುತ್ತದೆ.

ಈ ಪ್ರಶ್ನೆಯನ್ನು ಅತಿ ಕೆಟ್ಟದಾಗಿ ಕೇಳಿದವರು ನಮ್ಮವರ ಸೋದರಮಾವ. ಸುಂಟಿಕೊಪ್ಪದ ಹತ್ತಿರ ಒಂದು ಮದುವೆ. ಊಟದ ಸಾಲಿನಲ್ಲಿ, ಪೂರ್ತಿ ಪೆಂಡಾಲಿಗೆ ಕೇಳುವ ಹಾಗೆ, "ಅಲ್ಲಮ್ಮ, ಕುರಿ ಇಲ್ಲದ ಕಡೆ ಕುರಿ ನಾಯಿ ಸಾಕೋದು ಅಂದ್ರೆ ಹೊಳೆ ಇಲ್ಲದ ಕಡೆ ದೋಣಿ ಕಟ್ಟಿದ ಹಾಗಲ್ವಾ?" ಅಂದರು. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು, ಅದನ್ನು ಮರೆತಿಲ್ಲ. ನಾನು, "ಮಾವ, ನೀವು ಪ್ರತಿ ಹಬ್ಬಕ್ಕೂ ಕೋವಿ ಒರೆಸ್ತೀರಲ್ಲ, ಯಾವ ಹುಲಿಗೆ?" ಅಂದೆ. ಆಮೇಲೆ ಯಾರೂ ನಗಲಿಲ್ಲ. ಅತ್ತೆ ನನ್ನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದರು, ಬೆಂಬಲಕ್ಕೋ ಬಾಯಿ ಮುಚ್ಚಿಸಲಿಕ್ಕೋ ಗೊತ್ತಾಗಲಿಲ್ಲ.

ಆ ಭಾನುವಾರವೇ ಮಾವ ಬಂದರು. ಕೋಪ ಇರಬೇಕು ಅಂದುಕೊಂಡೆ, ಇರಲಿಲ್ಲ. "ತೋರಿಸು ನೋಡುವಾ, ಎಂತ ಮಾಡ್ತವೆ ನಿನ್ನ ನಾಯಿಗಳು" ಅಂದರು.

ಜನವರಿ ತಿಂಗಳು, ಭತ್ತ ಕೊಯ್ದು ಗದ್ದೆ ಖಾಲಿ. ಬಾತುಗಳು ಕೂಳೆಯ ನಡುವೆ ಕಾಳು ಹೆಕ್ಕುತ್ತಿದ್ದವು. ಮಿಂಚನ್ನು ಬಿಟ್ಟೆ. ಅದು ನೇರ ನುಗ್ಗುವುದಿಲ್ಲ. ಬದುವಿನ ಅಂಚು ಹಿಡಿದು ದೊಡ್ಡ ಸುತ್ತು ಹಾಕಿ, ಬಾತುಗಳಿಂದ ಆಚೆ ಹೋಗಿ ನನಗೆ ಎದುರಾಗಿ ನಿಂತಿತು. ಗಡಿಯಾರದಲ್ಲಿ ನಾನು ಆರರ ಮೇಲಿದ್ದರೆ ಅದು ಹನ್ನೆರಡಕ್ಕೆ. ತಲೆ ಬೆನ್ನಿಗಿಂತ ಕೆಳಗೆ, ಮುಂದಿನ ಒಂದು ಕಾಲು ಗಾಳಿಯಲ್ಲೇ ನಿಂತಿದೆ, ಕಣ್ಣು ಮಿಟುಕುವುದಿಲ್ಲ, ಬೊಗಳುವುದಂತೂ ಇಲ್ಲವೇ ಇಲ್ಲ. ಬಾತುಗಳ ಕುತ್ತಿಗೆ ಒಂದೊಂದಾಗಿ ಮೇಲೆದ್ದವು. ಎಲ್ಲ ಒತ್ತಿಕೊಂಡು ಒಂದೇ ಮುದ್ದೆಯಾಗಿ ನನ್ನ ಕಡೆ ತಿರುಗಿದವು. ಮಿಂಚು ಒಂದು ಹೆಜ್ಜೆ ಇಟ್ಟರೆ ಅವು ನಾಲ್ಕು ಹೆಜ್ಜೆ. ತೋಡಿನ ಹತ್ತಿರ ಬಂದಾಗ "ಮಲಗು" ಅಂದೆ. ಇದ್ದಲ್ಲೇ ಕುಸಿದ ಹಾಗೆ ಮಲಗಿತು. ಬಾತುಗಳೂ ನಿಂತು ರೆಕ್ಕೆ ಸರಿ ಮಾಡಿಕೊಂಡವು.

ಮಾವ ಬೀಡಿ ಹಚ್ಚುವುದನ್ನು ಮರೆತಿದ್ದರು. "ಇದು ಕಾಯೋದಲ್ಲ ಕಣಮ್ಮ, ಬೇಟೆ. ಕಣ್ಣು ನೋಡು ಅದರದ್ದು" ಅಂದರು. ಅವರ ಅಪ್ಪನ ಕಾಲದಲ್ಲಿ ಕಾಡಿಗೆ ನುಗ್ಗಿ ಹಂದಿಯನ್ನು ಕೋವಿಯವರ ಕಡೆ ಎಬ್ಬಿಸಿ ತರುವ ನಾಯಿಗಳಿದ್ದವಂತೆ. ಅವು ಬೊಗಳುತ್ತಿದ್ದವು, ಇದು ಬೊಗಳುವುದಿಲ್ಲ, ಅಷ್ಟೇ ವ್ಯತ್ಯಾಸ ಅಂದರು. ನಮ್ಮ ಕುಟುಂಬದಲ್ಲಿ ಈ ಮಾತು ಕಂಡವರು ಅವರೊಬ್ಬರೇ. ತೋಳದ ಬೇಟೆಗೆ ಒಂದು ಕ್ರಮ ಇದೆ: ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಕುರುಬರು ತಲೆಮಾರುಗಟ್ಟಲೆ ಮೊದಲ ಮೂರು ಗಟ್ಟಿಯಾಗಿರುವ, ಕೊನೆಯ ಎರಡು ಮಂಕಾಗಿರುವ ನಾಯಿಗಳನ್ನೇ ಆರಿಸಿ ಮರಿ ಮಾಡಿಸಿದರು. ಕುರಿ ಕಾಯುವುದು ಅಂದರೆ ಅರ್ಧಕ್ಕೆ ನಿಂತ ಬೇಟೆ. ಕುರಿಗೆ ಅದು ಗೊತ್ತು, ಬಾತಿಗೂ ಗೊತ್ತು, ಅದಕ್ಕೇ ಅವು ನಡೆಯುವುದು.

ಆಮೇಲೆ ಮಾವ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, "ಬಾತು ಒಂದಕ್ಕೆ ಎಷ್ಟು?" ಕೊಡಲಿಲ್ಲ. ಎರಡನೆಯದು, "ಅದು ಸರಿ, ಕಚ್ಚೋ ಮೊದಲು ಅದನ್ನ ನಿಲ್ಲಿಸೋದು ಹೇಗೆ?"

ಇದನ್ನು ಕೇಳಿ ಸ್ವಾಮಿ! ಇಷ್ಟು ವರ್ಷದಲ್ಲಿ ಎಲ್ಲರೂ ಕೇಳುವುದು ಎಷ್ಟು ಜೋರಾಗಿ ಓಡುತ್ತೆ, ಎಷ್ಟು ಎತ್ತರ ಹಾರುತ್ತೆ, ಎಷ್ಟು ಬಹುಮಾನ ಬಂತು. ಓಡುವುದನ್ನು ನಾನು ಯಾವ ನಾಯಿಗೂ ಕಲಿಸಿಲ್ಲ. ಅದು ಹುಟ್ಟುತ್ತಲೇ ಬಂದಿರುತ್ತದೆ. ನನ್ನ ಸಮಯ ಎಲ್ಲ ಹೋಗುವುದು ನಿಲ್ಲಿಸುವುದರಲ್ಲಿ.

ಹೇಗೆ ಅಂದರೆ, ಮೊದಲು ಊಟದ ತಟ್ಟೆಯಿಂದ. ಮಲಗಿದರೆ ತಟ್ಟೆ ಕೆಳಗೆ ಬರುತ್ತದೆ, ಎದ್ದರೆ ಮೇಲೆ ಹೋಗುತ್ತದೆ. ಆಮೇಲೆ ಬಾಗಿಲು, ಆಮೇಲೆ ಜೀಪು, ಆಮೇಲೆ ಉದ್ದ ಹಗ್ಗ ಕಟ್ಟಿಕೊಂಡು ಬಲೆಯೊಳಗಿನ ಬಾತುಗಳ ಎದುರು. ಬಾರ್ಡರ್ ಕೋಲಿಗೆ ಬಾತಿನ ಮುಂದೆ ಮೂಳೆ ತೋರಿಸಿದರೂ ಮೂಸುವುದಿಲ್ಲ. ಅದಕ್ಕೆ ಬೇಕಾದದ್ದು ಬಾತು. ಹಾಗಾಗಿ ಸಂಬಳವೂ ಅದೇ: ಮಲಗಿದರೆ ಮತ್ತೆ ಕೆಲಸಕ್ಕೆ ಬಿಡುತ್ತೇನೆ, ಮಲಗದಿದ್ದರೆ ನಾನೇ ಬಾತುಗಳಿಗೂ ಅದಕ್ಕೂ ಅಡ್ಡ ನಿಲ್ಲುತ್ತೇನೆ. ಸ್ವಲ್ಪ ದಿನದಲ್ಲಿ ಲೆಕ್ಕ ಅರ್ಥ ಆಗುತ್ತದೆ. ಮೊದಮೊದಲು ನಿಲ್ಲಿಸುವುದು ಅದು ನನ್ನ ಎದುರು, ಬಾತುಗಳ ಆಚೆ ಇರುವಾಗ. ಆಗ ಬಾತುಗಳು ಎಲ್ಲೂ ತಪ್ಪಿಸಿಕೊಳ್ಳುವುದಿಲ್ಲ ಅಂತ ಅದಕ್ಕೂ ಧೈರ್ಯ ಇರುತ್ತದೆ, ಮಲಗಲು ಸುಲಭ. ಪಕ್ಕದಿಂದ ಓಡುತ್ತಿರುವಾಗ ಮಲಗು ಅಂದರೆ ಕಿವಿ ಕೇಳುವುದೇ ಇಲ್ಲ. ಜೀರಿಗೆಗೆ ಸಂಬಳದ ಈ ರಗಳೆ ಬೇಡ, ಒಂದು ಚೂರು ಬೇಯಿಸಿದ ಕೋಳಿ ಲಿವರ್ ಸಾಕು.

ಅಡೆತಡೆ ಓಟವೂ ಅಷ್ಟೇ. ಅಜಿಲಿಟಿ ಅಂತಾರಲ್ಲ, ನಾಯಿ ಬೇಲಿ ಹಾರಿ, ಸುರಂಗ ನುಗ್ಗಿ, ಕಂಬಗಳ ನಡುವೆ ಹಾವಿನ ಹಾಗೆ ನುಸುಳುವುದು. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ ನಡುವಿನ ಖಾಲಿ ಹೊತ್ತು ತುಂಬಿಸಲು, ಕುದುರೆ ಹಾರಿಸುವ ಆಟ ನೋಡಿ ಮಾಡಿದ್ದು. ಬೆಂಗಳೂರಿಗೆ ಸ್ಪರ್ಧೆಗೆ ಹೋಗುತ್ತೇವೆ ಅಂದರೆ, "ದಿನಾ ಅದೇ ದಾರಿ ಓಡಿಸಿ ಬಾಯಿಪಾಠ ಮಾಡಿಸ್ತೀರಾ?" ಅನ್ನುತ್ತಾರೆ. ಇಲ್ಲ. ಪ್ರತಿ ಸಲ ದಾರಿ ಹೊಸದು. ನಾಯಿ ಇಲ್ಲದೆ ನಾವು ಮಾತ್ರ ಕೆಲವು ನಿಮಿಷ ಒಳಗೆ ನಡೆದು ನೋಡಬಹುದು. ದೊಡ್ಡವರೆಲ್ಲ ಗಾಳಿಗೆ ಕೈ ತೋರಿಸಿಕೊಂಡು, ಇಲ್ಲದ ನಾಯಿಯ ಜೊತೆ ಮಾತಾಡಿಕೊಂಡು ಓಡಾಡುವುದನ್ನು ನೋಡಿದರೆ ಮಾವ ಇನ್ನೊಂದು ದೋಣಿ ಕಟ್ಟುತ್ತಿದ್ದರು. ಆಮೇಲೆ ನಾಯಿ ಬರುತ್ತದೆ. ಮುಟ್ಟುವ ಹಾಗಿಲ್ಲ, ಕೈಯಲ್ಲಿ ತಿಂಡಿ ಇರಬಾರದು. ಒಂದು ನಿಮಿಷದೊಳಗೆ ಎಲ್ಲ ಮುಗಿದಿರುತ್ತದೆ. ಹಾರುವ ಬೇಲಿಯ ಕೋಲು ಬಿದ್ದರೆ 5 ತಪ್ಪು ಅಂಕ, ಸರದಿ ತಪ್ಪಿ ಬೇರೆ ಅಡೆತಡೆ ಹಾರಿದರೆ ಅಲ್ಲಿಗೇ ಔಟ್.

ಇಲ್ಲಿಯೂ ನಾಯಿ ಸೋಲುವುದು ನಿಲ್ಲದೆ. ನಾಯಿ ಹತ್ತಿ ಇಳಿಯುವ ಏಣಿಹಲಗೆಯ ತುದಿಯಲ್ಲಿ ಹಳದಿ ಬಣ್ಣ ಬಳಿದಿರುತ್ತಾರೆ, ಅದನ್ನು ಮೆಟ್ಟದೆ ಎತ್ತರದಿಂದ ಜಿಗಿದರೆ ತಪ್ಪು. ಅಲ್ಲಿ ಜಿಗಿದು ಭುಜ ಮುರಿದುಕೊಳ್ಳಬಾರದು ಅಂತಲೇ ಆ ನಿಯಮ. ಹಿಂದಿನ ಎರಡು ಕಾಲು ಹಲಗೆ ಮೇಲೆ, ಮುಂದಿನ ಎರಡು ನೆಲದಲ್ಲಿ, ಹೇಳುವ ತನಕ ಹಾಗೇ ನಿಲ್ಲಬೇಕು ಅಂತ ನಾನು ಕಲಿಸಿದ್ದೇನೆ. ಸೀ-ಸಾ ಹಲಗೆ ಕೂಡ ನೆಲ ಮುಟ್ಟಿದ ಮೇಲೇ ಇಳಿಯಬೇಕು. ಗುಂಡನಿಗೆ ಹಲಗೆ ಇಳಿಯುವ ಆ ಅರೆಕ್ಷಣ ಒಂದು ಯುಗ. ಹಿಂದಿನ ಕಾಲು ನಡುಗುತ್ತಿರುತ್ತದೆ, ನನ್ನ ಮುಖವನ್ನೇ ನೋಡುತ್ತಿರುತ್ತಾನೆ. ಜೀರಿಗೆ ಆರಾಮವಾಗಿ ನಿಂತು ಪ್ರೇಕ್ಷಕರ ಕೈಯಲ್ಲಿ ಎಂತ ತಿಂಡಿ ಇದೆ ಅಂತ ನೋಡುತ್ತಾಳೆ. ಹಾಗಾಗಿ ಒಂದೇ ದಾರಿಯನ್ನು ಒಂದೇ ದಿನ ಎರಡು ರೀತಿ ಓಡಬೇಕು. ಗುಂಡನ ಹಿಂದೆ ನಾನು ತಡವಾಗಿ, ಜೀರಿಗೆಯ ಮುಂದೆ ನಾನು ಮೊದಲೇ. ಮಂಡಿ ನೋವು ಯಾಕೆ ಅಂತ ಕೇಳಬೇಡಿ.

ನಾಲ್ಕು ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಒಂದು ನಾಯಿ ಕೆಲಸ ಮಾಡುವಾಗ ಉಳಿದವು ಬೇಲಿ ಪಕ್ಕ ಸುಮ್ನೆ ಮಲಗಿ ನೋಡಬೇಕು, ಅದೇ ದೊಡ್ಡ ಪಾಠ. ಒಂದೇ ನಾಯಿ ಇದ್ದರೆ ಸರದಿ ಕಾಯುವುದನ್ನು ಯಾರನ್ನು ನೋಡಿ ಕಲಿಯುತ್ತದೆ?

ಇದೆಲ್ಲ ಪೇಟೆಯವರಿಗೆ ಆಟ. ನಮಗೆ ಹಾಗಲ್ಲ. ಹಲಸು ಹಣ್ಣಾಗುವ ಕಾಲಕ್ಕೆ ಆನೆ ತೋಟಕ್ಕೆ ಬರುತ್ತದೆ. ಆನೆ ಕಂಡ ಸಾಕುನಾಯಿ ಬೊಗಳಿಕೊಂಡು ಹತ್ತಿರ ಹೋಗುತ್ತದೆ, ಆನೆ ಅಟ್ಟಿದರೆ ತಿರುಗಿ ಓಡಿ ಬರುವುದು ಯಜಮಾನನ ಕಾಲ ಬುಡಕ್ಕೇ, ಹಿಂದೆ ಆನೆಯನ್ನೂ ಕರೆದುಕೊಂಡು. ಇಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಕಳೆದ ಮೇ ತಿಂಗಳಲ್ಲಿ ಒಂದು ಸಂಜೆ, ಪಂಪ್‌ಸೆಟ್ ನೋಡಲು ಹೊರಟಾಗ ಜೀರಿಗೆ ಮುಂದೆ ಇತ್ತು. ಕಾಫಿ ಗಿಡದ ನಡುವೆ ಕೊಂಬೆ ಮುರಿದ ಸದ್ದು. ಅದರ ಬೆನ್ನ ಮೇಲಿನ ಕೂದಲು ಬಾಲದ ತನಕ ಎದ್ದು ನಿಂತಿತು. ಓಡಲು ಕಾಲು ಎತ್ತಿಯೂ ಆಗಿತ್ತು. ಕೂಗಲಿಲ್ಲ, ಕುತ್ತಿಗೆಯ ವಿಸಿಲ್ ಒಂದು ಸಲ ಸಣ್ಣಗೆ ಊದಿದೆ. ಮಲಗಿತು. ಹಾಗೇ ಹಿಂದೆ ಕರೆದೆ, ಇಬ್ಬರೂ ಬಂದ ದಾರಿಯಲ್ಲೇ ವಾಪಸ್. ಪಂಪ್‌ಸೆಟ್ ಮರುದಿನ ನೋಡಿದರಾಯಿತು.

ಆ ವಿಸಿಲ್ ಕಲಿಸಿದ್ದು ಬಾತಿನ ಮೇಲೆ. ಕುರಿ ಎಲ್ಲಿ ಅಂತ ಮತ್ತೆ ಕೇಳುವವರು ಈ ಪ್ಯಾರಾ ಇನ್ನೊಮ್ಮೆ ಓದಿ.

ನೋಡಲು ಬರುವುದಾದರೆ ಜನವರಿಯಿಂದ ಮೇ ಒಳಗೆ ಬನ್ನಿ, ಗದ್ದೆ ಖಾಲಿ ಇರುತ್ತದೆ. ಕಾಫಿ ಕಣದಲ್ಲಿ ಹಾರಿಸಿ ತೋರಿಸಿ ಅನ್ನಬೇಡಿ, ಸಿಮೆಂಟಿನ ಮೇಲೆ ನಾಯಿಯ ಕೀಲು ಹಾಳಾಗುತ್ತದೆ. ಮಳೆಗಾಲದಲ್ಲಿ ಬಂದರೆ ಖಾಲಿ ಗೋಡೌನಿನಲ್ಲಿ ಮಲಗು, ಏಳು, ಕಾಯು ಇಷ್ಟೇ ನಡೆಯುತ್ತದೆ, ಜೊತೆಗೆ ಜಿಗಣೆ ಪುಕ್ಕಟೆ. ಬಿಸ್ಕತ್ತು ತರಬೇಡಿ, ಅಜ್ಜಿ ದಪ್ಪ ಆಗಿದೆ. ಗೇಟಿನ ಹತ್ತಿರ ಹಾರ್ನ್ ಹೊಡೆಯಬೇಡಿ, ಫೋನ್ ಮಾಡಿ. ನಾಲ್ಕೂ ಒಟ್ಟಿಗೆ ಬೊಗಳಲು ಶುರು ಮಾಡಿದರೆ ಅದೊಂದನ್ನು ನಿಲ್ಲಿಸುವ ವಿಸಿಲ್ ನನ್ನ ಹತ್ತಿರ ಇಲ್ಲ.